ಮೂರನೇ ಕೋವಿಯ ಕೀಲಿ

"ತೋಳು ಹಿಡ್ಕೋ, ಅಲ್ಲಾಡಬಾರದು," ಎಂದು ದರ್ಜಿಮಾವ ಸೂಜಿಗೆ ದಾರ ಪೋಣಿಸುತ್ತ ಹೇಳಿದ. ಮಗಳು ಅಪ್ಪನ ಕೋಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತೋಳಿನೊಳಗೆ ಅಪ್ಪನ ಕೈ ಇತ್ತು. ಅದು ಅಲ್ಲಾಡುವ ಮಾತೇ ಇರಲಿಲ್ಲ. ಅಲ್ಲಾಡುತ್ತಿದ್ದದ್ದು ಅವಳ ಕೈ.

ನಿವೃತ್ತಿಯ ದಿನ ಹಾಕಿಕೊಂಡು ಆಮೇಲೆ ಮಡಿಸಿಟ್ಟಿದ್ದ ಕಂದು ಕೋಟಿನಲ್ಲಿ ಅಪ್ಪ ನಡುಮನೆಯ ಮಂಚದ ಮೇಲೆ ಫೋಟೊ ತೆಗೆಯುವವನಿಗೆ ಕಾಯುತ್ತಿರುವವನ ಹಾಗೆ ನೆಟ್ಟಗೆ ಮಲಗಿದ್ದ. ಆ ಕೋಟು ಹೊಲಿದವನೂ ಮಾವನೇ, ಅಮ್ಮನ ತಮ್ಮ. ಅದರ ನಡುವಿನ ಗುಂಡಿ ಮಾಯವಾಗಿತ್ತು.

"ಒಂದೇ ದಿನ ಹಾಕಿದ ಕೋಟು. ನನ್ನ ಕೈಹೊಲಿಗೆ. ಭಾವನ ಹೊಟ್ಟೆಗೂ ಇದನ್ನ ಕೀಳೋ ತಾಕತ್ತಿರಲಿಲ್ಲ. ಗುಂಡಿ ಏನು, ಎದ್ದು ನಡ್ಕೊಂಡು ಹೋಯ್ತಾ?" ಎಂದು ಗೊಣಗುತ್ತ ಮಾವ ಜೇಬಿಗೆ ಕೈ ಹಾಕಿದ. ಬೇರೆಯವರ ಜೇಬಿನಲ್ಲಿ ಚಿಲ್ಲರೆ ಇರುವ ಹಾಗೆ ಅವನ ಜೇಬಿನಲ್ಲಿ ಯಾವಾಗಲೂ ಗುಂಡಿಗಳಿರುತ್ತಿದ್ದವು. ಕಂದು ಬಣ್ಣದ್ದು ಸಿಗಲಿಲ್ಲ. ಕರಿಯದೊಂದನ್ನು ತೆಗೆದ. "ಸದ್ಯಕ್ಕೆ ಇದು. ಭಾವ ಬೈಯೋದಿದ್ರೆ ಈಗಲೇ ಬೈದುಬಿಡ್ಲಿ."

ಭಾವ ಬೈಯಲಿಲ್ಲ.

ಗೋಡೆಗೊರಗಿ ಕೂತಿದ್ದ ತಟ್ಟೆ ಮೂಗೊರೆಸಿಕೊಂಡ. ತಟ್ಟೆ ಅಪ್ಪನ ಹಳೆಯ ಗೆಳೆಯ. ಊರಾಚೆಯ ಗುರಿ ಮೈದಾನದಲ್ಲಿ ಜೇಡಿಮಣ್ಣಿನ ತಟ್ಟೆಗಳನ್ನು ಯಂತ್ರಕ್ಕಿಟ್ಟು ಆಕಾಶಕ್ಕೆ ಎಸೆಯುವುದು ಅವನ ಕೆಲಸ; ಕೋವಿ ಹಿಡಿದು ಬಂದವರು ಅವನ್ನು ಹೊಡೆಯುತ್ತಿದ್ದರು. ಎಸೆದು ಎಸೆದು ತಲೆ ಹಣ್ಣಾಗಿ, ಸ್ವಂತ ಹೆಸರೂ ಆ ತಟ್ಟೆಗಳ ಜೊತೆ ಹಾರಿಹೋಗಿತ್ತು.

"ನಮ್ಮ ನೀರುಗಂಟಿ ಜೀವನಪೂರ್ತಿ ಬಿಟ್ಟಿದ್ದೇ ಬಿಟ್ಟಿದ್ದು," ಎಂದ ಅವನು ಬಂದವರಿಗೆಲ್ಲ ಕೇಳುವಂತೆ. "ಬೆಳಗಾಗೆದ್ದು ವಾಲ್ವ್ ತಿರುಗಿಸಿ ಊರಿಗೆಲ್ಲ ನೀರು ಬಿಟ್ಟ. ರಜಾ ದಿನ ಮೈದಾನಕ್ಕೆ ಬಂದು ಗುಂಡು ಬಿಟ್ಟ. ಮದುವೆ ಆದ್ಮೇಲೆ ಸಿಗರೇಟು ಬಿಟ್ಟ. ಬೊಗಳೆ ಮಾತ್ರ ಬಿಡ್ಲಿಲ್ಲ, ಆ ಪಾಲನ್ನ ನನಗೇ ಬಿಟ್ಟುಕೊಟ್ಟ. ಕೊನೆಗೆ ಒಂದಿನ ಗುಂಡು ಬಿಡೋದನ್ನೂ ಬಿಟ್ಟುಬಿಟ್ಟ! ಯಾಕೋ ಅಂದ್ರೆ, ಭುಜ ನೋವಂತೆ. ಕಬ್ಬಿಣದ ಪೈಪು ಹೊತ್ಕೊಂಡು ಬೀದಿ ಬೀದಿ ತಿರುಗೋನಿಗೆ ಭುಜ ನೋವಂತೆ!"

"ಈಗ ನಮ್ಮನ್ನೂ ಬಿಟ್ರು," ಎಂದಳು ಅಮ್ಮ, ಒಳಬಾಗಿಲಲ್ಲಿ ನಿಂತು.

ತಟ್ಟೆ ತಲೆ ತಗ್ಗಿಸಿದ. ಅಮ್ಮ ಕೈಯಲ್ಲಿದ್ದ ಫೋನನ್ನು ಸೆರಗಿನಿಂದ ಒರೆಸಿದಳು, ಬಂದ ಸುದ್ದಿ ಅದಕ್ಕೆ ಅಂಟಿಕೊಂಡಿದೆಯೇನೋ ಅನ್ನುವ ಹಾಗೆ. "ಕೋವಿ ಲೈಸೆನ್ಸಿನ ಸಾಹೇಬ್ರು ಮಾತಾಡಿದ್ರು. ಮಧ್ಯಾಹ್ನ ಬರ್ತಾರಂತೆ. ಲೈಸೆನ್ಸ್ ಇದ್ದೋರು ಹೋದ್ಮೇಲೆ ಕೋವಿ ಒಂದು ರಾತ್ರಿಯೂ ಮನೇಲಿ ಇರಕೂಡದಂತೆ. ಮೂರನ್ನೂ ತಗೊಂಡು ಹೋಗ್ತಾರಂತೆ."

"ಕೋವಿ ಬೀರುವಿನ ಕೀಲಿ ಎಲ್ಲಿದೆ?" ಎಂದಳು ಮಗಳು.

"ನನ್ನ ಕೇಳ್ತೀಯಲ್ಲ! ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ, ಅವರ ಬನೀನು ಎಲ್ಲಿದೆ ಅಂತ ಅವರಿಗೇ ಗೊತ್ತಿರ್ತಿರಲಿಲ್ಲ. ಆ ಕೀಲಿ ಎಲ್ಲಿದೆ ಅಂತ ಮಾತ್ರ ನನಗೆ ಗೊತ್ತಾಗಬಾರದು."

ತಟ್ಟೆ ತಡೆದುಕೊಳ್ಳಲಾರದೆ ಗಂಟಲು ದಪ್ಪ ಮಾಡಿ ಗೆಳೆಯನ ಹಾಗೇ ಮಾತಾಡಿದ. ಮೂಗಿನಲ್ಲೇ ಅರ್ಧ ಉಳಿದುಹೋಗುವ, ಪ್ರತಿ ಮಾತಿನ ಕೊನೆಗೂ ವಾಲ್ವ್ ಬಿಗಿದಂತೆ ನಿಲ್ಲುವ ಅಪ್ಪನ ದನಿ: "ಲೈಸೆನ್ಸು ಯಾರದೋ, ಕೀಲಿ ಅವರದು. ಗೊತ್ತಿದ್ರೆ ನೀನೂ ತಪ್ಪಿತಸ್ಥೆ. ಗೊತ್ತಿಲ್ದಿದ್ರೆ ಬರೀ ಹೆಂಡತಿ."

ಅಮ್ಮ ಗಕ್ಕನೆ ಮಂಚದ ಕಡೆ ತಿರುಗಿದಳು. ತಟ್ಟೆ ತನ್ನ ಬಾಯಿಯ ಮೇಲೆ ತಾನೇ ಕೈಯಿಟ್ಟುಕೊಂಡ.

ಮಾವನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು. "ಸಾಹೇಬ್ರು ಎಷ್ಟೊತ್ತಿಗೆ ಬರ್ತಾರಂತೆ ಅಕ್ಕಾ?" ಎಂದ.

"ಮಧ್ಯಾಹ್ನ ಅಂದೆನಲ್ಲ."

"ಮಧ್ಯಾಹ್ನ ಅಂದ್ರೆ ಎಷ್ಟೊತ್ತಿಗೆ?"

ಅಮ್ಮ ಮಗಳ ಕಡೆ ನೋಡಿದಳು. ಮಗಳೂ ನೋಡಿದಳು. ಇಬ್ಬರ ತಲೆಯಲ್ಲೂ ಒಂದೇ ಮಾತು ಓಡಿತು. ಮಾವ ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕಡಿದ. ಕಂದು ಗುಂಡಿಗಳ ಸಾಲಿನಲ್ಲಿ ಕರಿಯದೊಂದು ಬಾಡಿಗೆಗೆ ಬಂದಂತೆ ಕೂತಿತು.

*

ಮಾವನ ಹೆಂಡತಿ, ಅತ್ತೆ, ತೀರಿಕೊಂಡ ವರ್ಷದ ಬೇಸಿಗೆ ಅದು. ಮಗಳು ಆಗ ಕಾಲೇಜಿನಲ್ಲಿದ್ದಳು. ನೆತ್ತಿ ಸುಡುವ ಬಿಸಿಲಿನಲ್ಲಿ ಮಾವ, ಕಂಬಳಿ ಸುತ್ತಿದ ಉದ್ದನೆಯದೊಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಳತೆಪಟ್ಟಿ ಕೊರಳಲ್ಲೇ ಇತ್ತು. ಅಂಗಡಿ ಮುಚ್ಚಿ ಎಷ್ಟೋ ದಿನವಾಗಿದ್ದರೂ ಅದನ್ನು ತೆಗೆದಿಡುವುದು ನೆನಪಾಗಿರಲಿಲ್ಲ.

"ಭಾವ, ಇದನ್ನ ನೀವು ಇಟ್ಕೊಳ್ಳಿ."

ಕಂಬಳಿಯೊಳಗೆ ಇದ್ದದ್ದು ತಾತನ ಕಾಲದ ಜೋಡುನಳಿಕೆ ಕೋವಿ.

"ಯಾಕೋ?" ಎಂದ ಅಪ್ಪ.

"ಮನೇಲಿ ಈಗ ಇಬ್ಬರೇ. ನಾನು, ಇದು. ಇತ್ತೀಚೆಗೆ ಇದು ಜಾಸ್ತಿ ಮಾತಾಡ್ತಿದೆ."

ಅಪ್ಪ ಕೋವಿಯನ್ನು ನಡುವಿನಲ್ಲಿ ಬಾಗಿಸಿ ತೆರೆದು, ಎರಡೂ ನಳಿಕೆ ಖಾಲಿಯಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, "ಮಾವನಿಗೆ ನೀರು ಕೊಡು, ಊಟ ಹಾಕು," ಎಂದಷ್ಟೇ ಹೇಳಿದ.

ಅಪ್ಪನ ಹತ್ತಿರ ಆಗಲೇ ಎರಡು ಕೋವಿಗಳಿದ್ದವು. ಒಂದು ಅವನಪ್ಪನದು, ಒಂದು ಮೈದಾನಕ್ಕೆಂದು ಅವನೇ ಕೊಂಡದ್ದು. ಮರುದಿನ ಲೈಸೆನ್ಸ್ ಕಚೇರಿಯಲ್ಲಿ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದ್ದರಂತೆ. "ಮೊದಲನೇದಕ್ಕೆ ನಾವು ಅಷ್ಟಾಗಿ ಕೇಳಲ್ಲ. ಎರಡನೇದಕ್ಕೆ ಒಂದು ಕಾರಣ ಇರಬೇಕು. ಮೂರನೇದಕ್ಕೆ ಒಳ್ಳೇ ಕಾರಣ ಇರಬೇಕು. ದೇವರು ಕೊಟ್ಟಿರೋದು ಎರಡು ಕೈ, ಮೂರು ಕೋವಿ ಯಾಕ್ರೀ?"

"ಮೂರನೇದು ಹೊಡೆಯೋಕಲ್ಲ ಸ್ವಾಮಿ," ಎಂದನಂತೆ ಅಪ್ಪ. "ಹೊಡೀಬಾರದು ಅಂತ."

ಸಾಹೇಬರು ನಿಯಮಗಳನ್ನು ಒಂದೊಂದಾಗಿ ಹೇಳಿದರು. ದಪ್ಪ ಉಕ್ಕಿನ ಬೀರು ಬೇಕು. ಅದನ್ನು ಒಳಗಿನಿಂದ ಗೋಡೆಗೆ ಬೋಲ್ಟು ಹಾಕಿ ಬಿಗಿದಿರಬೇಕು. ತೋಟಾಗಳು, ಅಂದರೆ ಕೋವಿಗೆ ತುಂಬುವ ಮದ್ದುಗುಂಡು, ಬೇರೆ ಕೋಣೆಯಲ್ಲಿ ಬೇರೆ ಬೀಗದ ಪೆಟ್ಟಿಗೆಯಲ್ಲಿರಬೇಕು. ಕೀಲಿಯ ಜಾಗ ಇನ್ನೊಬ್ಬರಿಗೆ ತಿಳಿಯಬಾರದು. ತಿಳಿಯಿತೋ, ಅವತ್ತೇ ಜಾಗ ಬದಲಾಗಬೇಕು. ಆಮೇಲೆ ಮನೆಗೇ ಬಂದು ಬೀರುವನ್ನು ತಬ್ಬಿ ಹಿಡಿದು ಅಲ್ಲಾಡಿಸಿದರು. "ಗೋಡೆ ಬಂದ್ರೂ ಇದು ಬರಬಾರದು," ಎಂದರು. ಬರಲಿಲ್ಲ. ಅಂಗಿಗೆ ಮಾತ್ರ ಸುಣ್ಣ ಹತ್ತಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅಮ್ಮ ದನಿ ತಗ್ಗಿಸಿ ಜಗಳವಾಡಿದಳು. "ಆ ಪೀಡೇನ ಮಾರಿಬಿಡಬಾರದಾ? ಎಲ್ಲಿಗೋ ತೊಲಗ್ಲಿ."

"ಮಾರಿದ್ರೆ ನಿನ್ನ ತಮ್ಮ ಇನ್ನೊಂದು ಕೊಳ್ತಾನೆ ಕಣೆ. ಇಲ್ಲಿದ್ರೆ ಇಲ್ಲಿಗೇ ಬರ್ತಾನೆ."

"ಬಂದು?"

"ಬರ್ಲಿ. ಕೀಲಿ ಸಿಗಬಾರದು, ಅಷ್ಟೇ."

ಬಾಗಿಲ ಹಿಂದೆ ನಿಂತಿದ್ದ ಮಗಳ ಎದೆಯಲ್ಲಿ ಆ ಮಾತು ಬೋಲ್ಟು ಹಾಕಿ ಬಿಗಿದಂತೆ ಕೂತುಬಿಟ್ಟಿತು. ಮಾವ ಆಮೇಲೆ ಅಂಗಡಿ ತೆರೆದ, ಹೊಲಿದ, ನಕ್ಕ, ಅವಳ ಮದುವೆಯ ರವಿಕೆಯನ್ನೂ ಹೊಲಿದುಕೊಟ್ಟ. ಆದರೂ ಅವನು ಮನೆಗೆ ಬಂದಾಗಲೆಲ್ಲ ಅವಳ ಕಣ್ಣು ಒಮ್ಮೆ ಬೀರುವಿನ ಕಡೆ ಹೋಗಿ ಬರುತ್ತಿತ್ತು.

*

ಸಾಹೇಬರು ಮಧ್ಯಾಹ್ನ ಬಂದಾಗ ಮನೆಯಲ್ಲಿ ಹುಡುಕಾಟ ಅರ್ಧ ಮುಗಿದಿತ್ತು. ವಯಸ್ಸು ಅವರನ್ನೂ ಬಿಟ್ಟಿರಲಿಲ್ಲ. ಕನ್ನಡಕ ಮಾತ್ರ ಅದೇ ಮೂಗಿನ ತುದಿಯಲ್ಲಿತ್ತು. ಜೊತೆಗೆ ಇಬ್ಬರು ಸಿಬ್ಬಂದಿ. ಮೂವರೂ ಚಪ್ಪಲಿ, ಬೂಟು ಹೊರಗೆ ಬಿಟ್ಟು, ಮಂಚದ ಬಳಿ ಕೈಕಟ್ಟಿ ನಿಂತರು. ಆಮೇಲೆ ಸಾಹೇಬರು ಅಮ್ಮನಿಗೆ, "ಇವತ್ತೇ ಬರೋದಕ್ಕೆ ನನಗೂ ಮನಸ್ಸಿರಲಿಲ್ಲಮ್ಮ. ನಿಯಮ," ಎಂದರು.

"ಅವರಿಗೂ ಅದೇ ಮಾತು. ನಿಯಮ, ನಿಯಮ," ಎಂದಳು ಅಮ್ಮ. "ಕೀಲಿ ಸಿಗ್ತಿಲ್ಲ ಸಾಹೇಬ್ರೆ."

"ಸಿಗದಿದ್ರೆ ಬೀರು ಕತ್ತರಿಸೋನನ್ನ ಕರೆಸ್ಬೇಕಾಗುತ್ತೆ. ಗ್ಯಾಸು, ಬೆಂಕಿ, ಸದ್ದು..." ಅವರು ಮಂಚದ ಕಡೆ ನೋಡಿದರು. "ಅವರು ಹೊರಡೋ ಹೊತ್ತಿನಲ್ಲಿ ಅದೆಲ್ಲ ಬೇಡ ಅಂತ. ಇನ್ನೊಂದ್ಸಲ ನೋಡಿ, ನಾನು ಕಾಯ್ತೀನಿ."

ತಟ್ಟೆ ಅಟ್ಟಕ್ಕೆ ಹತ್ತಿದ. ಅಮ್ಮ ಡಬ್ಬಗಳಿಗೆಲ್ಲ ಕೈ ಹಾಕಿದಳು. ಗೋಡೆ ಗಡಿಯಾರದ ಬೆನ್ನು, ರೇಡಿಯೋದ ಹೊಟ್ಟೆ, ಅಪ್ಪನ ಸ್ಪ್ಯಾನರುಗಳ ಚೀಲ, ಎಲ್ಲ ಆಯಿತು. ಮಗಳು ಮಲಗುವ ಕೋಣೆಯ ಮಂಚದ ಕೆಳಗಿನಿಂದ ಎದ್ದು ಮೊಣಕಾಲು ಕೊಡವಿಕೊಳ್ಳುವಾಗ ನಡುಮನೆಯತ್ತ ನೋಡಿದಳು. ಅಪ್ಪನ ತಲೆಯ ಬಳಿ ಬೆಳಿಗ್ಗೆಯಿಂದ ಕೂತಿದ್ದ ಮಾವ ಅಲ್ಲಿರಲಿಲ್ಲ.

"ಮಾವ ಎಲ್ಲಿ?"

"ಈಗ ತಾನೇ ಇಲ್ಲೇ ಇದ್ದನಲ್ಲ," ಎಂದಳು ಅಮ್ಮ. ಅವಳ ಕೈಯಲ್ಲಿದ್ದ ಡಬ್ಬದ ಮುಚ್ಚಳ ನೆಲಕ್ಕೆ ಬಿದ್ದು, ಗಿರಗಿರ ತಿರುಗಿ ನಿಂತಿತು.

*

ಕೀಲಿಯ ಜಾಗ ಬದಲಿಸುವ ದಿನ ಅಪ್ಪನನ್ನು ನೋಡಬೇಕಿತ್ತು. ಬಲಗೈ ಮುಷ್ಟಿ ಕಟ್ಟಿಕೊಂಡು, ಏನೂ ಇಲ್ಲದವನ ಹಾಗೆ ಸಿಳ್ಳೆ ಹಾಕುತ್ತ, ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದ. ಸಿಳ್ಳೆ ಕೇಳಿದರೇ ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. "ಶುರುವಾಯ್ತು," ಎನ್ನುತ್ತಿದ್ದಳು ಅಮ್ಮ. "ಬೆಕ್ಕು ಮರಿ ಕಚ್ಚಿಕೊಂಡು ಹೊರಡ್ತು. ನೀನು ಆ ಕಡೆ ತಿರುಗೇ, ನೋಡ್ಬೇಡ."

ಅಂಥದೇ ಒಂದು ದಿನ, ಕನ್ನಡಕದಂಗಡಿಯ ಕೆಲಸಕ್ಕೆ ಹೊರಟಿದ್ದ ಮಗಳನ್ನು ಅಪ್ಪ ತಡೆದು ನಿಲ್ಲಿಸಿದ್ದ. ಅಂಗೈಯಲ್ಲಿ ಒಂದು ನೀಲಿ ಗುಂಡಿ. "ಇದು ನಿನ್ನ ಯಾವುದಾದ್ರೂ ಬಟ್ಟೇದಾ?"

"ಅಲ್ಲಪ್ಪ."

"ನಿಮ್ಮಮ್ಮಂದಾ?"

"ಅಮ್ಮ ಗುಂಡಿ ಹಾಕ್ಕೋತಾಳಾ? ಅವಳದೆಲ್ಲ ಪಿನ್ನು."

"ಹಾಗಾದ್ರೆ ಸರಿ," ಎಂದು ಅಪ್ಪ ಗುಂಡಿಯನ್ನು ಜೇಬಿಗೆ ಹಾಕಿಕೊಂಡ. ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಒಳಗಿನಿಂದ ಸಿಳ್ಳೆ ಕೇಳಿಸಿತು.

*

ಹಿತ್ತಲ ಸಾಮಾನು ಕೋಣೆಯಲ್ಲಿ, ಹಳೆ ಬಕೆಟ್ಟುಗಳ ಮೇಲೆ, ಗೋಡೆಯಲ್ಲಿ ಒಂದು ಹಿತ್ತಾಳೆ ನಲ್ಲಿ ಇತ್ತು. ಅದಕ್ಕೆ ಪೈಪಿನ ಸಂಪರ್ಕವೇ ಇರಲಿಲ್ಲ. ಊರಿಗೆಲ್ಲ ನೀರು ಬಿಡುವವನ ಮನೆಯಲ್ಲಿ ನೀರಿಲ್ಲದ ನಲ್ಲಿ ಯಾಕೆ ಎಂದು ಅಮ್ಮ ಕೇಳಿದಾಗ, "ಮುಂದೆ ಬೇಕಾಗುತ್ತೆ," ಎಂದಿದ್ದ ಅಪ್ಪ. ಆಮೇಲೆ ಎಲ್ಲರೂ ಅದನ್ನು ಮರೆತಿದ್ದರು.

ಮಾವ ಆ ನಲ್ಲಿಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ನಲ್ಲಿಯ ಬಿಚ್ಚಿದ ಹಿಡಿ ಪಕ್ಕದ ಬಕೆಟ್ಟಿನಲ್ಲಿತ್ತು. ಅವನ ಎರಡು ಬೆರಳು ನಲ್ಲಿಯ ಹೊಟ್ಟೆಯೊಳಗಿದ್ದವು. ಈಚೆ ಬಂದಾಗ ಬೆರಳ ನಡುವೆ ಕೀಲಿ ಮಿನುಗಿತು.

"ಮಾವ," ಎಂದಳು ಮಗಳು.

ಅವನು ತಿರುಗಿದ. ಕಣ್ಣು ಕೆಂಪಾಗಿದ್ದವು. ಬಾಗಿಲಿಗೆ ಅಡ್ಡ ನಿಂತ ಅವಳನ್ನು, ಚೌಕಟ್ಟು ಹಿಡಿದಿದ್ದ ಅವಳ ಕೈಗಳನ್ನು ನೋಡಿದ. ಅವಳು ಏನು ಯೋಚಿಸುತ್ತಿದ್ದಾಳೆಂಬುದು ಅವನಿಗೆ ತಕ್ಷಣ ಹೊಳೆಯಿತು.

"ತಗೋ," ಎಂದು ಕೀಲಿಯನ್ನು ಅವಳ ಅಂಗೈಗೆ ಹಾಕಿದ. "ಈ ಸಲ ಇಲ್ಲೇ ಇರಬೇಕು ಅಂತ ಅನ್ನಿಸಿ ಬೆಳಿಗ್ಗೆಯಿಂದ ಒದ್ದಾಡ್ತಿದ್ದೆ. ನನಗೆ ಗೊತ್ತು ಅಂದ್ರೆ ಭಾವ ನಿಯಮ ಮುರಿದ ಹಾಗಾಗುತ್ತೆ ಸಾಹೇಬ್ರ ಮುಂದೆ. ಸತ್ತಮೇಲೆ ಅವರಿಗೆ ಕೆಟ್ಟ ಹೆಸರು ಯಾಕೆ? ನಿನಗೇ ಸಿಕ್ತು ಅಂತ ಹೇಳು."

"ಅಪ್ಪ ನಿನಗೆ ಹೇಳಿದ್ನಾ?"

"ಅವರು ಹೇಳೋದಾ!" ಮಾವ ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. "ನಾನೇ ಹುಡುಕಿದ್ದು. ಎಲ್ಲಾ ಸಲವೂ."

"ಎಲ್ಲಾ ಸಲವೂ ಅಂದ್ರೆ?"

"ಅವರು ಬಚ್ಚಿಡೋರು. ನಾನು ಬಂದು ಹುಡುಕಿ, ಅಲ್ಲೇ ಪಕ್ಕದಲ್ಲಿ ಒಂದು ಗುಂಡಿ ಇಟ್ಟು ಹೋಗ್ತಿದ್ದೆ. ಬಂದಿದ್ದೆ, ಮುಟ್ಟಲಿಲ್ಲ ಅಂತ. ಗುಂಡಿ ನೋಡಿದ್ರೆ ಅವರು ಜಾಗ ಬದಲಾಯಿಸೋರು. ಒಂದು ದಿನಾನೂ ಬಾಯಿಬಿಟ್ಟು ಕೇಳಲಿಲ್ಲ. ನಾನೂ ಹೇಳಲಿಲ್ಲ."

ಊರವರ ಕಣ್ಣಿಗೆಲ್ಲ ಗಾಜು ಹುಡುಕಿ ಕೊಡುವವಳಿಗೆ ತನ್ನ ಕಣ್ಣೆದುರಿಗಿದ್ದ ನೀಲಿ ಗುಂಡಿ ಈಗ ಕಾಣಿಸಿತು.

"ಕೈಗೆ ಸಿಕ್ಕಾಗ..." ಎಂದು ಶುರುಮಾಡಿ ಅವಳು ನಿಲ್ಲಿಸಿದಳು.

"ತಗೋಬೇಕು ಅನ್ನಿಸ್ತಿರಲಿಲ್ವಾ ಅಂತಾನಾ? ಅನ್ನಿಸಿದ ದಿನವೇ ಬರ್ತಿದ್ದದ್ದು. ಆದ್ರೆ ನಿಮ್ಮಪ್ಪ ಎಂಥಾ ಜಾಗದಲ್ಲಿ ಇಡ್ತಿದ್ರು ಅಂದ್ರೆ, ಹುಡುಕೋದ್ರಲ್ಲೇ ಹೊತ್ತು ಮುಳುಗಿಹೋಗ್ತಿತ್ತು. ಸಿಕ್ಕಿದಾಗ ಗೆದ್ದೆ ಅನ್ನಿಸಿ ಹೊಟ್ಟೆ ಹಸಿಯೋದು. ಅಕ್ಕಾ ಊಟ ಹಾಕು ಅಂತಿದ್ದೆ."

ಹೊರಗಿನಿಂದ ಅಮ್ಮ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗಿದಳು. ಮಾವ ಎದ್ದ. ಅವನ ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡೇ ಇತ್ತು.

*

ಬೀರು ತೆರೆದುಕೊಂಡಿತು. ಒಳಗೆ ಮೂರು ಕೋವಿಗಳು, ಎಣ್ಣೆ ಒರೆಸಿದ ನಳಿಕೆಗಳನ್ನು ಮೇಲೆ ಮಾಡಿ, ಸ್ಕೂಲಿನ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಸಾಹೇಬರು ಒಂದೊಂದನ್ನೂ ಬಾಗಿಸಿ ತೆರೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅದರ ಮೇಲೆ ಕೊರೆದ ನಂಬರು ಓದಿ ಸಿಬ್ಬಂದಿಗೆ ಕೊಟ್ಟರು. ಮೂರನೆಯದು ಹೊರಗೆ ಬಂದಾಗ ಮಾವ ಅದನ್ನು ಹಳೆಯ ಪರಿಚಯದವರು ಬೀದಿಯಲ್ಲಿ ಎದುರಾದಾಗ ನೋಡುವಷ್ಟೇ ನೋಡಿ, ಮುಖ ತಿರುಗಿಸಿದ.

"ಇನ್ನು ತೋಟಾ ಪೆಟ್ಟಿಗೆ," ಎಂದರು ಸಾಹೇಬರು. ಅದರ ಸಣ್ಣ ಕೀಲಿ ಬೀರುವಿನ ಒಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು. ಪೆಟ್ಟಿಗೆ ಮಲಗುವ ಕೋಣೆಯ ಗೋಡೆಯಲ್ಲಿತ್ತು.

"ಹುಷಾರು ಸಾಹೇಬ್ರೆ, ತುಂಬ ಹಳೇ ತೋಟಾ," ಎಂದ ತಟ್ಟೆ.

"ಹಳೇದೂ ಇಲ್ಲ, ಹೊಸದೂ ಇಲ್ಲ. ಮೂರನೇ ಕೋವಿಗೆ ನಾನು ಒಪ್ಪಿಗೆ ಕೊಟ್ಟ ದಿನವೇ ಮನೇಲಿದ್ದ ತೋಟಾ ಎಲ್ಲಾ ತಂದು ನನ್ನ ಮೇಜಿನ ಮೇಲೆ ಸುರಿದು ಹೋದ್ರು. ಆಮೇಲೆ ಒಂದೂ ಕೊಂಡಿಲ್ಲ. ಆದ್ರೂ ತೆಗೆದು ನೋಡ್ಲೇಬೇಕು."

ಮಾವ ತಲೆಯೆತ್ತಿದ. "ತೋಟಾ ಇರಲೇ ಇಲ್ವಾ?"

ತಟ್ಟೆಯ ಬಾಯಿ ತೆರೆದೇ ಇತ್ತು. "ಭುಜ ನೋವು," ಎಂದ, ತೀರಾ ಮೆಲ್ಲಗೆ. ಈ ಸಲ ಅವನು ಯಾರ ದನಿಯನ್ನೂ ಹಾಕಲಿಲ್ಲ. "ಕಳ್ಳ. ಭುಜ ನೋವು ಅಂದ ನನ್ನ ಹತ್ರ. ವಾರವಾರ ಬಂದು ಸುಮ್ನೆ ನನ್ನ ಪಕ್ಕ ಕೂತು ತಟ್ಟೆ ಹಾರೋದನ್ನ ನೋಡ್ಕೊಂಡು ಹೋಗ್ತಿದ್ದ."

ಪೆಟ್ಟಿಗೆಯ ಬೀಗ ಬಿಗಿಯಾಗಿತ್ತು. ಸಾಹೇಬರು ಮುಚ್ಚಳವನ್ನು ಜಗ್ಗಿ ಎಳೆದಾಗ ಒಳಗಿದ್ದದ್ದು ಸುರಿದು, ಚಟಪಟ ನೆಲದ ತುಂಬ ಉರುಳಿತು. ನೀಲಿ, ಬಿಳಿ, ಕೆಂಪು, ಎರಡು ತೂತಿನವು, ನಾಲ್ಕು ತೂತಿನವು, ಹಿತ್ತಾಳೆಯವು, ಮಕ್ಕಳ ಅಂಗಿಯ ಹೂವಿನಾಕಾರದವು. ಒಂದು ಗುಂಡಿ ಹೊಸ್ತಿಲು ದಾಟಿ, ನಡುಮನೆಗೆ ಹೋಗಿ, ಮಂಚದ ಕಾಲಿಗೆ ತಾಗಿ ಮಲಗಿತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡಿದರು, ಕೆಳಗೆ ನೋಡಿದರು. "ಇದಕ್ಕೆ ಲೈಸೆನ್ಸ್ ಬೇಡ," ಎಂದರು.

ಮಾವ ನೆಲದ ಮೇಲೆ ಕೂತುಬಿಟ್ಟಿದ್ದ. ಒಂದೊಂದನ್ನೇ ಎತ್ತಿ ನೋಡುತ್ತಿದ್ದ. "ಇದು ಸಕ್ಕರೆ ಡಬ್ಬೀದು," ಎಂದ. "ಇದು ರೇಡಿಯೋದ್ದು. ಇದು ಗಡಿಯಾರದ್ದು." ಅಮ್ಮನಿಗೆ ಏನೂ ಅರ್ಥವಾಗದೆ ತಮ್ಮನ ಪಕ್ಕ ಕೂತು, ಅವನ ಬೆನ್ನಿನ ಮೇಲೆ ಕೈಯಿಟ್ಟಳು.

ಬಾಗಿಲಲ್ಲಿ ವಾಹನದ ಸದ್ದಾಯಿತು. ನಾಲ್ಕು ಜನ ಮಂಚದ ಬಳಿ ಬಂದು ನಿಂತರು.

"ಒಂದು ನಿಮಿಷ," ಎಂದ ಮಾವ.

ಮಂಚದ ಪಕ್ಕ ಮಂಡಿಯೂರಿ, ಬೆಳಿಗ್ಗೆ ತಾನೇ ಹಾಕಿದ್ದ ಕರಿ ಗುಂಡಿಯ ದಾರವನ್ನು ಕತ್ತರಿಯಿಂದ ಕತ್ತರಿಸಿದ. ಆಮೇಲೆ ಎಡಗೈ ಮುಷ್ಟಿ ಬಿಚ್ಚಿದ. ಅಲ್ಲಿ ಕೋಟಿನದೇ ಕಂದು ಗುಂಡಿ ಇತ್ತು. ಅದರ ತೂತುಗಳಲ್ಲಿ ಹಳೆಯ ದಾರದ ಗಂಟು ಹಾಗೇ ಇತ್ತು.

"ಉದುರಿದ್ದಲ್ಲ, ನೋಡು," ಎಂದ ಮಗಳಿಗೆ ಮಾತ್ರ ಕೇಳುವಂತೆ. "ಕತ್ತರಿಸಿದ್ದು."

"ಎಲ್ಲಿತ್ತು?"

"ನಲ್ಲಿಯೊಳಗೆ, ಕೀಲಿ ಜೊತೆ. ಈ ಸಲ ನನಗಿಂತ ಮೊದಲೇ ಅವರೇ ಇಟ್ಟಿದ್ರು."

ಅವಳು ತೋಳು ಹಿಡಿದುಕೊಂಡಳು. ಅವನು ಹೊಲಿದ. ಈ ಸಲ ಅವಳ ಕೈ ಅಲ್ಲಾಡಲಿಲ್ಲ.

*

ಎಲ್ಲ ಮುಗಿಸಿ ಮರಳಿ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಕಾಲು ತೊಳೆದುಕೊಂಡ ಮಾವ ಒಳಗೆ ಬಾರದೆ ಬಾಗಿಲಲ್ಲೇ ಚಪ್ಪಲಿಗೆ ಕಾಲು ತೂರಿಸಿದ. "ಬರ್ತೀನಿ ಅಕ್ಕಾ."

"ಎರಡು ತುತ್ತು ತಿಂದು ಹೋಗೋ."

"ಹಸಿವಿಲ್ಲ."

ಆ ಮಾತಿಗೆ ಮಗಳು ಅಡುಗೆಮನೆಯಿಂದ ಈಚೆ ಬಂದಳು. "ನಾಳೆ ಬಾ ಮಾವ."

"ಬಂದೇನು ಮಾಡ್ಲಿ? ಬೀರು ಖಾಲಿ ಆಯ್ತಲ್ಲ."

ಅವಳು ಬಲಗೈ ಮುಂದೆ ಚಾಚಿ, ಅಂಗೈ ತೆರೆದಳು. ಬೆಳಿಗ್ಗೆಯ ಕರಿ ಗುಂಡಿ. ಅವನು ನೋಡಿದ ಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಹುಡುಕೋಕೆ," ಎಂದಳು.

ಮಾವ ಆ ಮುಷ್ಟಿಯನ್ನು ಅಳತೆ ತೆಗೆಯುವವನ ಹಾಗೆ ಬಹಳ ಹೊತ್ತು ನೋಡಿದ.

"ಸಕ್ಕರೆ ಡಬ್ಬಿ ಬೇಡ," ಎಂದ ಕೊನೆಗೆ. "ಅದು ತೀರಾ ಸುಲಭ. ನಿಮ್ಮಪ್ಪನೂ ಮೊದಮೊದಲು ಅಲ್ಲೇ ಇಟ್ಟು ಸಿಕ್ಕಿಬಿದ್ದದ್ದು."

ಅವನು ಬೀದಿಗಿಳಿದು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಒಳಗೆ ಬಂದಳು. ರೇಡಿಯೋದ ಹಿಂದೆ ನೋಡಿದಳು, ತಲೆಯಾಡಿಸಿದಳು. ಸ್ಟೂಲು ಎಳೆದು ಹತ್ತಿ ಗಡಿಯಾರದ ಬೆನ್ನು ತಡವಿದಳು, ಇಳಿದಳು. ಪಾತ್ರೆ ತೊಳೆಯುತ್ತಿದ್ದ ಅಮ್ಮ ಕೋಣೆಯಿಂದ ಕೋಣೆಗೆ ಹೋಗುತ್ತಿದ್ದ ಹೆಜ್ಜೆಗಳ ಸದ್ದಿಗೆ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಆಮೇಲೆ, ನೋಡಬಾರದೆಂದು, ಗೋಡೆಯ ಕಡೆ ಮುಖ ಮಾಡಿ ನಿಂತಳು.